ಮುಂದೆ ಚೆಕ್ಕಿಂಗ್ ಇದೆ ಎಂದು ಲೈಟ್ ಹೊಡೆದು ತಿಳಿಸುವುದು ತಪ್ಪೇ?

ಪ್ರಶ್ನೆ: ಬದಿಯಡ್ಕದಿಂದ ಕುಂಬಳೆಗೆ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ದಾರಿಯಲ್ಲಿ ಪೊಲೀಸರು ನಿಂತಿದ್ದರೆ ಎದುರಿನಿಂದ ಬರುವವರಿಗೆ ಎರಡು ಸಲ ಲೈಟ್ ಹೊಡೆದು ತಿಳಿಸುವುದು ನಮ್ಮಲ್ಲಿ ಮೊದಲಿನಿಂದಲೂ ರೂಢಿ. ಇತ್ತೀಚೆಗೆ ಒಬ್ಬ ಅಧಿಕಾರಿ ಇದನ್ನು ಕಂಡು, "ಇದಕ್ಕೂ ಕೇಸು ಹಾಕಲಿಕ್ಕೆ ಬರುತ್ತದೆ" ಎಂದು ಗದರಿಸಿದರು. ನಿಜವೇ? ಕೇಸಿನ ಮಾತು ಹಾಗಿರಲಿ, ನಾನು ಮಾಡಿದ್ದು ತಪ್ಪೇ?
– ಬದಿಯಡ್ಕದ ಓದುಗರು

ಉತ್ತರ: ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, 2019ರ ತಿದ್ದುಪಡಿಯ ನಂತರವೂ, ಪೊಲೀಸರಿದ್ದಾರೆಂದು ಲೈಟ್ ಹೊಡೆದು ತಿಳಿಸಿದವರಿಗೆ ಇಷ್ಟು ದಂಡ ಎಂದು ಹೇಳುವ ಸೆಕ್ಷನ್ ಇಲ್ಲ. ಆ ಅಧಿಕಾರಿಯ ಮನಸ್ಸಿನಲ್ಲಿ ಇದ್ದಿರಬಹುದಾದ ಸೆಕ್ಷನ್‌ಗಳು ಎರಡು. ಒಂದು, ಅದೇ ಕಾಯ್ದೆಯ 179: ಅಧಿಕಾರಿಯ ಕಾನೂನುಬದ್ಧ ಸೂಚನೆಯನ್ನು ಬೇಕೆಂದೇ ಮೀರಿದರೆ ಅಥವಾ ಅವರ ಕೆಲಸಕ್ಕೆ ಅಡ್ಡಿ ಮಾಡಿದರೆ ₹2,000 ವರೆಗೆ ದಂಡ. ಇನ್ನೊಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 221: ಸರಕಾರಿ ನೌಕರರ ಕರ್ತವ್ಯಕ್ಕೆ ಬೇಕೆಂದೇ ಅಡ್ಡಿಪಡಿಸಿದರೆ ಮೂರು ತಿಂಗಳ ವರೆಗೆ ಸೆರೆ, ಇಲ್ಲವೇ ₹2,500 ವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 186ನೆಯ ಸೆಕ್ಷನ್ನೇ ಈಗ ಈ ಸಂಖ್ಯೆ ಪಡೆದಿದೆ.

ಅಡ್ಡಿ ಎಂದ ಮೇಲೆ ಯಾವುದಕ್ಕೆ ಅಡ್ಡಿಯಾಯಿತು ಎಂದು ತೋರಿಸಬೇಕಾಗುತ್ತದೆ. ಎದುರು ಬಂದವರು ಹೆಲ್ಮೆಟ್ ಹಾಕಿ, ಮಿತಿಯೊಳಗಿನ ವೇಗದಲ್ಲಿದ್ದರೆ ನಿಮ್ಮ ಲೈಟಿನಿಂದ ಪೊಲೀಸರಿಗೆ ತಪ್ಪಿಹೋದದ್ದು ಏನೂ ಇಲ್ಲ. ಈ ಜಿಜ್ಞಾಸೆ ಮೋಟಾರು ಕಾರಿನಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ ಪೊಲೀಸರು ರಸ್ತೆಯ ಮೇಲೆ ದೂರ ಅಳೆದಿಟ್ಟು, ಗಡಿಯಾರ ಹಿಡಿದು ವೇಗ ಲೆಕ್ಕಹಾಕುತ್ತಿದ್ದ ಕಾಲದಲ್ಲಿ ಎರಡು ತೀರ್ಪುಗಳು ಬಂದವು. 1907ರ ಬಾಸ್ಟಬಲ್ ವಿರುದ್ಧ ಲಿಟಲ್ ಪ್ರಕರಣದಲ್ಲಿ ಎಚ್ಚರಿಸಿದವನು ಗೆದ್ದ. ಕಾರುಗಳು ಆ ಹೊತ್ತಿಗೆ ಮಿತಿ ಮೀರಿದ್ದವೆಂದು ಸಾಬೀತಾಗಿರಲಿಲ್ಲ. 1910ರ ಬೆಟ್ಸ್ ವಿರುದ್ಧ ಸ್ಟೀವನ್ಸ್ ಪ್ರಕರಣದಲ್ಲಿ ಎಚ್ಚರಿಸಿದವನು ಸೋತ. ಅಲ್ಲಿ ಕಾರುಗಳು ಆಗಲೇ ಮಿತಿ ಮೀರಿ ಓಡುತ್ತಿದ್ದವು, ಅವನ ಸೂಚನೆ ಕಂಡು ನಿಧಾನಿಸಿದವು, ಪೊಲೀಸರಿಗೆ ಸಿಗಬೇಕಿದ್ದ ಸಾಕ್ಷ್ಯ ಕೈತಪ್ಪಿತು. ಆತ ಆಟೊಮೊಬೈಲ್ ಅಸೋಸಿಯೇಷನ್ನಿನ ಗಸ್ತಿನವನು. ಆಮೇಲೆ ಆ ಸಂಘದವರು ಬೇರೆ ದಾರಿ ಹುಡುಕಿಕೊಂಡರು: ಗಸ್ತಿನವನು ಸದಸ್ಯರ ಕಾರಿಗೆ ಯಾವಾಗಲೂ ಸಲಾಂ ಹೊಡೆಯಬೇಕು, ಹೊಡೆಯದಿದ್ದರೆ ಮುಂದೆ ಪೊಲೀಸರಿದ್ದಾರೆಂದು ಅರ್ಥ! ಸುಮ್ಮನಿದ್ದವನ ಮೇಲೆ ಕೇಸು ಹಾಕುವುದು ಹೇಗೆ?

ಅಮೆರಿಕದ ಮಿಸ್ಸೌರಿಯಲ್ಲಿ 2014ರಲ್ಲಿ ಫೆಡರಲ್ ನ್ಯಾಯಾಲಯ, ಲೈಟ್ ಹೊಡೆದವನ ಮೇಲೆ ಕ್ರಮ ಜರುಗಿಸದಂತೆ ಎಲಿಸ್‌ವಿಲ್ ಪಟ್ಟಣದ ಪೊಲೀಸರನ್ನು ತಡೆಯಿತು. ಲೈಟ್ ಹೊಡೆಯುವುದೆಂದರೆ ಕಾನೂನಿನಂತೆ ನಡೆದುಕೋ ಎಂದು ಹೇಳಿದಂತೆಯೇ ಆಗುತ್ತದೆ ಎಂಬ ವಾದಕ್ಕೆ ಅಲ್ಲಿ ಬೆಲೆ ಸಿಕ್ಕಿತು. ಈ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಚೆನ್ನಾಗಿ ತೋರಿಸುತ್ತವೆ. ಅಪರಿಚಿತರಿಗೆ ಸುಮ್ಮನೆ ಲೈಟ್ ಹೊಡೆದವರ ಮೇಲೆ ಅಡ್ಡಿಯ ಕೇಸು ನಿಲ್ಲುವುದು ಕಷ್ಟ. ತಪ್ಪು ಮಾಡುತ್ತಿದ್ದಾರೆಂದು ತಿಳಿದೂ ಅವರನ್ನು ತಪ್ಪಿಸಿದರೆ ಕಷ್ಟವಲ್ಲ.

ಇನ್ನು ನಿಮ್ಮ ಎರಡನೆಯ ಮಾತು. ಅದೇ ದೊಡ್ಡದು.

ಲೈಟ್ ಹೊಡೆಯುವವರು ಹೇಳುವ ಸಮರ್ಥನೆ ಒಂದೇ: "ಅವನು ನಿಧಾನಿಸಿದನಲ್ಲ, ಅದೇ ತಾನೇ ಬೇಕಾದ್ದು?" ವೇಗದ ಮಟ್ಟಿಗೆ ಇದರಲ್ಲಿ ಅರ್ಧ ಸತ್ಯವಿದೆ. ಮಳೆಗಾಲದ ಲೆಕ್ಕ ನೋಡಿ. ಅಡ್ಡ ಬಂದದ್ದನ್ನು ಕಂಡು ಬ್ರೇಕಿಗೆ ಕೈ ಹೋಗಲು ಒಂದೂವರೆ ಸೆಕೆಂಡ್ ಬೇಕು ಎಂದಿಟ್ಟುಕೊಳ್ಳೋಣ. ಒದ್ದೆ ರಸ್ತೆಯಲ್ಲಿ ಟಯರಿನ ಹಿಡಿತ ಒಣ ರಸ್ತೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ನಿಲ್ಲಲು ಸುಮಾರು 60 ಮೀಟರ್ ಬೇಕು, 80ರ ವೇಗದ್ದಕ್ಕೆ ಸುಮಾರು 96 ಮೀಟರ್. ಇದರ ಅರ್ಥ, 60ರಲ್ಲಿ ಬಂದವನು ಪೂರ್ತಿ ನಿಂತ ಜಾಗದಲ್ಲಿ 80ರವನು ಇನ್ನೂ 60ರ ವೇಗದಲ್ಲೇ ಇರುತ್ತಾನೆ. ಮಗು ನಿಂತಿದ್ದದ್ದು ಆ ಜಾಗದಲ್ಲಾದರೆ ಏನಾಗುತ್ತದೆ ಎಂದು ನಾವು ಹೇಳಬೇಕಾಗಿಲ್ಲ. ಹಾಗಾಗಿ ಲೈಟ್ ಕಂಡು ನಿಧಾನಿಸಿದ್ದು ಲಾಭವೇ. ಆದರೆ ಅದು ಪೊಲೀಸ್ ಜೀಪು ದಾಟುವವರೆಗೆ. ಎಲ್ಲಿ ಬ್ರೇಕು, ಎಲ್ಲಿ ಆಕ್ಸಿಲರೇಟರು ಎಂದು ಗೊತ್ತಾದವನು ಉಳಿದ ದಾರಿಯನ್ನೆಲ್ಲ ತನ್ನದೇ ಎಂದುಕೊಳ್ಳುತ್ತಾನೆ. ಮುಂದೆ ಯಾರಾದರೂ ಇರಬಹುದು ಎಂಬ ಅಂಜಿಕೆಯೇ ಅವನನ್ನು ಇಡೀ ದಾರಿಯಲ್ಲಿ ಹಿಡಿದಿಡುವುದು. ನಿಮ್ಮ ಲೈಟು ಕಳೆಯುವುದು ಆ ಅಂಜಿಕೆಯನ್ನೇ.

ವೇಗದ ಮಾತಾಯಿತು. ಆದರೆ ಪೊಲೀಸರು ನಿಂತಿರುವುದು ಏತಕ್ಕೆ ಎಂದು ನಿಮಗೆ ಗೊತ್ತಿರುವುದಿಲ್ಲ. ಸಂಜೆ ನಿಂತದ್ದು ಊದಿಸಿ ನೋಡಲಿಕ್ಕಾಗಿರಬಹುದು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೆಯ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳ ವರೆಗೆ ಸೆರೆ, ₹10,000 ದಂಡ ಅಥವಾ ಎರಡೂ. ಕುಡಿದವನು ನಿಮ್ಮ ಲೈಟ್ ಕಂಡರೆ ಅವನ ಅಮಲು ಇಳಿಯುವುದಿಲ್ಲ. ಅವನು ಒಳದಾರಿ ಹಿಡಿಯುತ್ತಾನೆ. ಒಳದಾರಿ ಎಂದರೆ ಬೀದಿದೀಪವಿಲ್ಲದ, ಮದ್ರಸ ಮತ್ತು ಅಂಗನವಾಡಿ ಇರುವ, ಜನ ನಡೆದೇ ಹೋಗುವ ದಾರಿ. ಹದಿನಾರರ ಹುಡುಗ ಮೂವರನ್ನು ಕೂರಿಸಿಕೊಂಡು ಬರುತ್ತಿದ್ದರೆ ಲೈಟ್ ಕಂಡ ಕೂಡಲೇ ನಡುರಸ್ತೆಯಲ್ಲಿ ಗಾಡಿ ತಿರುಗಿಸುತ್ತಾನೆ, ಹಿಂದಿನ ಬಸ್ಸು ನೋಡುವುದಿಲ್ಲ. ಅವನನ್ನು ಅಲ್ಲೇ ಹಿಡಿದಿದ್ದರೆ 199ಎ ಪ್ರಕಾರ ಗಾಡಿ ಕೊಟ್ಟ ಅಪ್ಪನಿಗೋ ಮಾಲೀಕರಿಗೋ ಮೂರು ವರ್ಷದ ವರೆಗೆ ಸೆರೆ, ₹25,000 ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಶಿಕ್ಷೆ ಕಠಿಣ ಎನಿಸಬಹುದು. ಆದರೆ ಆ ಮನೆಯವರಿಗೆ ಅದಕ್ಕಿಂತ ಕಠಿಣವಾದ ಸುದ್ದಿ ಬಾರದಿರಲಿ ಎಂದೇ ಆ ಸೆಕ್ಷನ್ ಇರುವುದು.

ಕದ್ದ ಗಾಡಿ, ಮಾದಕ ವಸ್ತು, ಎತ್ತಿಕೊಂಡು ಹೋದ ಮಗು – ಗಡಿಯ ರಸ್ತೆಯಲ್ಲಿ ತಪಾಸಣೆ ಇವಕ್ಕೂ ನಡೆಯುತ್ತದೆ. ನಿಮ್ಮ ಸೂಚನೆ ಯಾರಿಗೆ ತಲುಪಬೇಕು ಎಂದು ಆರಿಸುವ ಸೌಕರ್ಯ ನಿಮ್ಮ ಹೆಡ್‌ಲೈಟಿಗಿಲ್ಲ. ಆದ್ದರಿಂದ ನಮ್ಮ ಉತ್ತರ: ಹೌದು, ತಪ್ಪು. ಜೈಲಿಗೆ ಹೋಗುವಂಥ ತಪ್ಪಲ್ಲ, ಬಿಡಬೇಕಾದ ತಪ್ಪು.

ಪ್ರಶ್ನೆ: ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಚೆಕ್ಕಿಂಗ್ ಎಲ್ಲಿದೆ ಎಂದು ಹುಡುಗರು ವಾಯ್ಸ್ ಹಾಕುತ್ತಾರೆ. ನಾನು ಅಡ್ಮಿನ್. ನನಗೆ ತೊಂದರೆ ಬರಬಹುದೇ?
– ಉಪ್ಪಳದ ಓದುಗರು

ಉತ್ತರ: ಲೈಟ್ ಹೊಡೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಲೈಟು ಕ್ಷಣದಲ್ಲಿ ಮಾಯವಾಗುತ್ತದೆ. ವಾಯ್ಸ್ ಉಳಿಯುತ್ತದೆ: ಯಾರು ಕಳಿಸಿದ್ದು, ಎಷ್ಟು ಗಂಟೆಗೆ, ಯಾರು ಯಾರು ಕೇಳಿದ್ದು. ಗುಂಪಿನಲ್ಲಿ ಒಬ್ಬನೇ ಒಬ್ಬ ಅಕ್ರಮ ಹೊಯಿಗೆ (ಮರಳು) ಲಾರಿಯವನಿದ್ದು, ಆ ಮಾಹಿತಿ ನಂಬಿ ದಾರಿ ಬದಲಿಸಿದನೆಂದು ತನಿಖೆಯಲ್ಲಿ ಹೊರಬಿದ್ದರೆ ಪ್ರಶ್ನೆ ಟ್ರಾಫಿಕ್ ದಂಡದ್ದಲ್ಲ, ಅಪರಾಧಕ್ಕೆ ನೆರವಾದದ್ದು. ಹೊಯಿಗೆ ಲಾರಿಯ ಮುಂದೆ ಬೈಕಿನಲ್ಲಿ ಹೋಗಿ ಪೊಲೀಸರ ಇರವು ತಿಳಿಸುವ ಎಸ್ಕಾರ್ಟಿನವರ ಕೆಲಸವನ್ನು ನಿಮ್ಮ ಹುಡುಗರು ಬಿಟ್ಟಿಯಾಗಿ, ತಿಳಿಯದೆ ಮಾಡಿಕೊಡುತ್ತಿದ್ದಾರೆ. ನದಿ ಹೊಯಿಗೆಗೆ ಕೇರಳದಲ್ಲಿ 2001ರ ಪ್ರತ್ಯೇಕ ಕಾಯ್ದೆಯೇ ಇದೆ. 2011ರ ಕೇರಳ ಪೊಲೀಸ್ ಕಾಯ್ದೆಯಲ್ಲೂ ಪೊಲೀಸರ ಕೆಲಸಕ್ಕೆ ಅಡ್ಡಿಪಡಿಸುವುದು ಶಿಕ್ಷಾರ್ಹ.

ಬೇರೆಯವರು ಹಾಕಿದ್ದಕ್ಕೆಲ್ಲ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ. ಆದರೆ ಗುಂಪಿನ ಹೆಸರೇ ಅದಾಗಿದ್ದರೆ, ನೀವೂ "ಈಗ ಎಲ್ಲಿದ್ದಾರೆ" ಎಂದು ಕೇಳಿದ್ದರೆ, ನನಗೆ ಗೊತ್ತಿರಲಿಲ್ಲ ಎನ್ನಲು ಬಾರದು. ಇವತ್ತೇ ಒಂದು ಸಾಲು ಹಾಕಿ: ರಸ್ತೆ ಬ್ಲಾಕ್, ಅಪಘಾತ, ಮರ ಬಿದ್ದದ್ದು, ನೀರು ತುಂಬಿದ್ದು ಹಾಕಬಹುದು, ಪೊಲೀಸರ ವಿಷಯ ಬೇಡ. ಮತ್ತೆ ಹಾಕಿದವರ ಸಂದೇಶ ಅಳಿಸಿ, ಒಪ್ಪದವರನ್ನು ತೆಗೆಯಿರಿ. ಇನ್ನೊಂದು ವಿಷಯ ಹುಡುಗರಿಗೆ ಹೇಳಿ: ಗಾಡಿ ಓಡಿಸುತ್ತಾ ಮೊಬೈಲ್ ಕೈಯಲ್ಲಿ ಹಿಡಿದು ವಾಯ್ಸ್ ಹಾಕುವುದೇ ಮೋಟಾರು ವಾಹನ ಕಾಯ್ದೆಯ 184ರ ಪ್ರಕಾರ ಅಪಾಯಕಾರಿ ಚಾಲನೆ. ಕಾಯ್ದೆಯಲ್ಲಿರುವ ದಂಡ ₹1,000ದಿಂದ ₹5,000, ಸೆರೆಯೂ ಆಗಬಹುದು.

ಪ್ರಶ್ನೆ: ಹಾಗಾದರೆ ಗೂಗಲ್ ಮ್ಯಾಪ್ ಕ್ಯಾಮೆರಾ ಇದೆ ಎಂದು ಹೇಳುವುದೂ ತಪ್ಪಲ್ಲವೇ? ಪೊಲೀಸರು ಮರದ ಮರೆಯಲ್ಲಿ ನಿಲ್ಲುವುದು ಮಾತ್ರ ಸರಿಯೇ?
– ಮುಳ್ಳೇರಿಯದ ಓದುಗರು

ಉತ್ತರ: ಸ್ಥಿರ ಕ್ಯಾಮೆರಾದ ಮಾತೇ ಬೇರೆ. ಅದು ಗುಟ್ಟಾಗಿರಬೇಕೆಂದು ಕಾನೂನೇ ಬಯಸುವುದಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ಪ್ರಕಾರ, ಕ್ಯಾಮೆರಾ ಕಣ್ಣಿರುವ ರಸ್ತೆ ಶುರುವಾಗುವ ಮೊದಲೇ ಎದ್ದು ಕಾಣುವಂತೆ ಎಚ್ಚರಿಕೆ ಫಲಕ ಇರಬೇಕು. ಉಪಕರಣಕ್ಕೆ ಪ್ರತಿವರ್ಷ ನವೀಕರಿಸುವ ಪ್ರಮಾಣಪತ್ರ ಇರಬೇಕು, ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೊರಡಬೇಕು. ಕೇರಳದಲ್ಲಿ 2023ರ ಜೂನ್ 5ರಿಂದ ದಂಡ ಹಾಕಲು ತೊಡಗಿದ 726 ಕ್ಯಾಮೆರಾಗಳಲ್ಲಿ 675 ಇರುವುದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲಿನಂಥ ತಪ್ಪು ನೋಡಲಿಕ್ಕೆ. ವೇಗ ಅಳೆಯುವಂಥವು ಎಂಟೇ. ಇಲ್ಲಿ ಕ್ಯಾಮೆರಾ ಇದೆ ಎಂದು ಗೆಳೆಯನಿಗೆ ಹೇಳಿದರೆ ಫಲಕ ಹೇಳುವುದನ್ನೇ ನೀವು ಹೇಳಿದಂತಾಯಿತು.

ಆದರೆ ಕ್ಯಾಮೆರಾದ ಹತ್ತಿರ ಬಂದಾಗ ಫಕ್ಕನೆ ಬ್ರೇಕ್ ಒತ್ತಬೇಡಿ. ಹಿಂದಿನವನಿಗೆ ನಿಮ್ಮ ಮ್ಯಾಪ್ ಕೇಳಿಸುವುದಿಲ್ಲ. ಗಾಡಿಯ ಹಿಂದೆ ಗಾಡಿ ಬಡಿಯುವುದು ಹೀಗೆಯೇ.

ಮರೆಯಲ್ಲಿ ನಿಲ್ಲುವ ಬಗ್ಗೆ ನಿಮ್ಮ ಸಿಟ್ಟು ನಮಗೆ ಅರ್ಥವಾಗುತ್ತದೆ. ತಿರುವು ಮುಗಿದ ಕೂಡಲೇ ರಸ್ತೆಗೆ ಹಾರಿ ಬೈಕು ತಡೆಯುವುದು ಸವಾರನಿಗೂ ಪೊಲೀಸರಿಗೂ ಅಪಾಯ. ಮಿತಿಯ ಫಲಕವೇ ಇಲ್ಲದ ಕಡೆ ವೇಗ ಹಿಡಿಯುವುದು ನ್ಯಾಯವಲ್ಲ. ಅದಕ್ಕೆ ಮದ್ದು ಲೈಟ್ ಹೊಡೆಯುವುದಲ್ಲ. ಜಾಗ, ದಿನ, ಗಂಟೆ ಬರೆದು, ಫಲಕ ಇಲ್ಲದ ರಸ್ತೆಯ ಫೋಟೋ ಸೇರಿಸಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೂ ಆರ್‌ಟಿಒಗೂ ದೂರು ಕೊಡಿ. ಕಾಸರಗೋಡಿನಲ್ಲಿ ಅದನ್ನು ಕನ್ನಡದಲ್ಲೇ ಬರೆಯಬಹುದು, ಸಂಕೋಚ ಬೇಡ. ಚಲನ್ ತಪ್ಪಾಗಿ ಬಂದಿದ್ದರೆ ಪರಿವಾಹನ್ ಇ-ಚಲನ್ ತಾಣದಲ್ಲಿ ಚಲನ್ ಸಂಖ್ಯೆ ಹಾಕಿ ಫೋಟೋ ತೆರೆದು ನೋಡಿ. ನಂಬರ್ ಪ್ಲೇಟಿನ ಅಕ್ಷರ ಒಂದು ಹೆಚ್ಚುಕಮ್ಮಿಯಾಗಿ ಬೇರೆಯವರ ತಪ್ಪು ನಿಮ್ಮ ಹೆಸರಿಗೆ ಬಂದಿರಬಹುದು. ಹಾಗಿದ್ದರೆ ದಂಡ ಕಟ್ಟುವ ಮೊದಲೇ ಅಲ್ಲಿನ ದೂರು ವಿಭಾಗದಲ್ಲಿ ನಿಮ್ಮ ಗಾಡಿಯ ಫೋಟೋ ಸಹಿತ ಬರೆಯಿರಿ. ಕಟ್ಟಿದ ಮೇಲೆ ತಪ್ಪು ಒಪ್ಪಿದಂತೆ.

ಮಿತಿ ಎಷ್ಟೆಂಬ ಗೊಂದಲವೂ ಬಹಳವಿದೆ. ತಲಪಾಡಿಯಿಂದ ಈಚೆ ನಡೆಯುವುದು ಕೇರಳದ ಲೆಕ್ಕ. 2023ರ ಜುಲೈ 1ರಿಂದ ಇಲ್ಲಿ ದ್ವಿಚಕ್ರಕ್ಕೆ ಗರಿಷ್ಠ 60, ಆರು ಪಥದ ಹೆದ್ದಾರಿಯಲ್ಲೂ ಅಷ್ಟೇ. ಕಾರಿಗೆ ಆರು ಪಥದಲ್ಲಿ 110, ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ 100, ಸಾಮಾನ್ಯ ರಾಜ್ಯ ಹೆದ್ದಾರಿ ಮತ್ತು ಮುಖ್ಯ ಜಿಲ್ಲಾ ರಸ್ತೆಯಲ್ಲಿ 80, ಪೇಟೆಯೊಳಗೆ 50. ಶಾಲೆಯ ಹತ್ತಿರ ಎಲ್ಲರಿಗೂ 30. ಎಲ್ಲಾದರೂ ಇದಕ್ಕಿಂತ ಕಡಿಮೆಯ ಫಲಕ ಇದ್ದರೆ ಫಲಕದ್ದೇ ಅಂತಿಮ, ಹೆದ್ದಾರಿ ಕಾಮಗಾರಿಯ ಜಾಗದಲ್ಲಂತೂ ಇದನ್ನು ನೆನಪಿಡಿ.

ಪ್ರಶ್ನೆ: ರಸ್ತೆಯಲ್ಲಿ ನಿಜವಾದ ಅಪಾಯ ಕಂಡಾಗ ಎದುರಿನವರಿಗೆ ತಿಳಿಸುವುದು ಹೇಗೆ?
– ಪೆರ್ಲದ ಓದುಗರು

ಉತ್ತರ: ಲೈಟಿನ ಭಾಷೆಗೆ ನಮ್ಮಲ್ಲಿ ಒಂದೇ ಅರ್ಥ ಉಳಿದಿಲ್ಲ ಎನ್ನುವುದೇ ದೊಡ್ಡ ನಷ್ಟ. "ನಾನು ಬರುತ್ತೇನೆ, ನೀನು ನಿಲ್ಲು" ಎನ್ನಲೂ ಅದೇ, "ನಿನ್ನ ಡಿಮ್ ಮಾಡು" ಎನ್ನಲೂ ಅದೇ, ಪೊಲೀಸರಿದ್ದಾರೆ ಎನ್ನಲೂ ಅದೇ. ಕಾರಡ್ಕ ಕಡೆ ಆನೆ ರಸ್ತೆಗೆ ಬಂದಿದೆ ಎಂದು ನೀವು ಲೈಟ್ ಹೊಡೆದರೆ ಎದುರಿನವನು ಕೈಯಲ್ಲಿ ತೂಗುತ್ತಿದ್ದ ಹೆಲ್ಮೆಟ್ ತಲೆಗೇರಿಸಿ ಅದೇ ವೇಗದಲ್ಲಿ ಮುಂದುವರಿಯುತ್ತಾನೆ.

ಆದ್ದರಿಂದ ಲೈಟನ್ನೇ ನಂಬಬೇಡಿ. ನಿಧಾನಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಅಂಗೈ ಕೆಳಮುಖ ಮಾಡಿ ತೋಳನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಇದು ನಿಧಾನಿಸು ಎನ್ನುವ ಸನ್ನೆ, ಯಾರಿಗೂ ಅರ್ಥವಾಗುತ್ತದೆ. ಸಾಧ್ಯವಿದ್ದರೆ ಪಕ್ಕಕ್ಕೆ ನಿಂತು ಬಾಯಲ್ಲೇ ಹೇಳಿ. ರಾತ್ರಿ ಹೈ ಬೀಮ್ ಹೊಡೆದರೆ ಎದುರಿನವನಿಗೆ ಕೆಲವು ಸೆಕೆಂಡ್ ಕಣ್ಣೇ ಕಾಣುವುದಿಲ್ಲ, ಅಷ್ಟರಲ್ಲೇ ಅವನು ರಸ್ತೆಗೆ ಬಿದ್ದ ಮರದ ಹತ್ತಿರ ಬಂದಿರುತ್ತಾನೆ.

ನಿಮ್ಮದೇ ಗಾಡಿ ಕೆಟ್ಟು ನಿಂತಿದ್ದರೆ ಕೆಂಪು ತ್ರಿಕೋನವನ್ನು ಗಾಡಿಯ ಬುಡದಲ್ಲಿಡುವುದು ವ್ಯರ್ಥ. ಮಳೆಯಲ್ಲಿ 80ರವನಿಗೆ 96 ಮೀಟರ್ ಬೇಕೆಂದು ಮೇಲೆ ಹೇಳಿದೆವಲ್ಲ, ಹೆದ್ದಾರಿಯಲ್ಲಿ ನೂರು ಮೀಟರ್ ಹಿಂದೆ ಇಡಿ, ಅಂದರೆ ಸುಮಾರು 130 ಹೆಜ್ಜೆ. ತಿರುವಿನಾಚೆ ನಿಂತಿದ್ದರೆ ತ್ರಿಕೋನ ಇರಬೇಕಾದ್ದು ತಿರುವಿನ ಈಚೆ. ತ್ರಿಕೋನ ಇಲ್ಲದಿದ್ದರೆ ಸೊಪ್ಪಿರುವ ಕೊಂಬೆ ಸಾಕು. ಆದರೆ ಹೊರಡುವಾಗ ತೆಗೆದು ಹಾಕಿ, ಬಿಟ್ಟುಹೋದ ಕೊಂಬೆಗೆ ರಾತ್ರಿ ಬೈಕು ಜಾರುತ್ತದೆ.

ಫೋನು ಮಾಡುವುದು ಗಾಡಿ ನಿಲ್ಲಿಸಿದ ಮೇಲೆ. ಅಪಘಾತವಾದರೆ 112 ಅಥವಾ 108, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಗಾಯಾಳುಗಳಿಗೆ ನೆರವಾದವರು ಹೆಸರು ಹೇಳಬೇಕೆಂದು ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಅವರಿಗೆ ರಕ್ಷಣೆ ಕೊಡುತ್ತದೆ. ಮರದ ಜೊತೆ ವಿದ್ಯುತ್ ತಂತಿಯೂ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಬೇರೆಯವರನ್ನೂ ದೂರವೇ ತಡೆದು 1912ಕ್ಕೆ ತಿಳಿಸಿ. ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಓದಿ ಹೇಳಿದರೆ ಅವರಿಗೆ ಜಾಗ ಬೇಗ ಸಿಗುತ್ತದೆ.