ಹೊಟ್ಟೆಯಿಂದ ಸ್ತನ ಕಟ್ಟಿಸುವುದಾ, ಬೆನ್ನಿನಿಂದಾ?

ಸ್ತನ ಕ್ಯಾನ್ಸರ್‌ಗೆ ನಿಮ್ಮ ಅಕ್ಕನಿಗೆ ರೇಡಿಯೇಷನ್ ಮುಗಿದಿದೆ, ಸ್ತನ ಮತ್ತೆ ಕಟ್ಟಲು ಡಾಕ್ಟರ್ ಹೊಟ್ಟೆಯದು, ಬೆನ್ನಿನದು ಅಂತ ಎರಡು ದಾರಿ ಹೇಳಿದ್ದಾರೆ, ಯಾವುದು ವಾಸಿ ಅಂತ ಕೇಳಿದ್ದೀರಿ. ನಾನು ಹೊಟ್ಟೆಯ ಡೀಪ್ (DIEP) ಫ್ಲ್ಯಾಪ್ ಮಾಡಿಸಿಕೊಂಡವಳು. ಫ್ಲ್ಯಾಪ್ ಅಂದರೆ ಮೈಯ ಬೇರೆ ಕಡೆಯಿಂದ ರಕ್ತನಾಳ ಸಮೇತ ಎದೆಗೆ ತರುವ ಚರ್ಮ, ಕೊಬ್ಬು ಅಥವಾ ಸ್ನಾಯುವಿನ ತುಂಡು. ಎದೆ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ, ಎಲ್ಲಿಂದ ತೆಗೆಯುತ್ತಾರೋ ಆ ಜಾಗ ಆಮೇಲೆ ಹೇಗಿರುತ್ತದೆ ಅಂತ ಮೊದಲು ಯೋಚಿಸಿ.

ಹೊಟ್ಟೆಯಿಂದ ತೆಗೆಯುವ ಹಳೆಯ ವಿಧಾನ ಟ್ರ್ಯಾಮ್, 1982ರಲ್ಲಿ ಬಂದದ್ದು. ಅದರಲ್ಲಿ ಹೊಟ್ಟೆಯ ನೇರ ಸ್ನಾಯುವನ್ನೂ ಜೊತೆಗೆ ತೆಗೆಯುತ್ತಾರೆ. ಹಾಗಾಗಿ ಕೆಲವರಿಗೆ ಆಮೇಲೆ ಹೊಟ್ಟೆ ಉಬ್ಬುತ್ತದೆ, ಹರ್ನಿಯಾ ಆಗುತ್ತದೆ. ಡೀಪ್‌ನಲ್ಲಿ ಸ್ನಾಯುವನ್ನು ಅಲ್ಲೇ ಬಿಡುತ್ತಾರೆ. ಅದರ ಎಳೆಗಳ ನಡುವಿನಿಂದ ರಕ್ತನಾಳವನ್ನು ಬಿಡಿಸಿಕೊಂಡು, ಚರ್ಮ ಮತ್ತು ಕೊಬ್ಬನ್ನು ಮಾತ್ರ ಎದೆಗೆ ತರುತ್ತಾರೆ. ಅಲ್ಲಿ ಎರಡು ಮೂರು ಮಿಲಿಮೀಟರ್ ನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ಅದಕ್ಕೇ ಆಪರೇಷನ್‌ಗೆ ಹಲವು ಗಂಟೆ ಹಿಡಿಯುವುದು.

ಆ ಹೊಲಿಗೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ತಕ್ಷಣ ಮತ್ತೆ ಥಿಯೇಟರ್‌ಗೆ ಹೋಗಬೇಕು. ಮೊದಲ ಎರಡು ಮೂರು ದಿನ ನರ್ಸ್‌ಗಳು ರಾತ್ರಿಯೆಲ್ಲ ಫ್ಲ್ಯಾಪ್‌ನ ಬಣ್ಣ, ಬಿಸುಪು, ರಕ್ತ ಹರಿಯುವುದನ್ನು ಕೇಳಿಸುವ ಡಾಪ್ಲರ್ ಯಂತ್ರದ ಸದ್ದು ನೋಡುತ್ತಲೇ ಇರುತ್ತಾರೆ. ನಿದ್ದೆ ಕೆಡುತ್ತದೆ, ಆದರೂ ಬೇಡ ಅನ್ನಬಾರದು. ಮನೆಗೆ ಬಂದ ಮೇಲೂ ಸ್ವಲ್ಪ ಕಾಲ ಬಗ್ಗಿಯೇ ನಡೆಯಬೇಕು. ಸೊಂಟದಿಂದ ಸೊಂಟಕ್ಕೆ ಗಾಯದ ಗೆರೆ ಉಳಿಯುತ್ತದೆ. ನನಗೆ ಹೊಕ್ಕಳ ಕೆಳಗೆ ಮುಟ್ಟಿದರೆ ಈಗಲೂ ಸರಿಯಾಗಿ ಗೊತ್ತಾಗುವುದಿಲ್ಲ.

ಬೆನ್ನಿನಿಂದ ತೆಗೆಯುವುದು ಲ್ಯಾಟಿಸಿಮಸ್ ಡಾರ್ಸೈ ಅನ್ನುವ ಅಗಲವಾದ ಸ್ನಾಯು. ಸಾಮಾನ್ಯವಾಗಿ ಅದರ ನಾಳವನ್ನು ಕತ್ತರಿಸದೆ, ಕಂಕುಳ ಕೆಳಗಿನಿಂದ ಮುಂದಕ್ಕೆ ತಿರುಗಿಸುತ್ತಾರೆ. ಸಮಯ ಕಡಿಮೆ, ಫ್ಲ್ಯಾಪ್ ಸಾಯುವ ಭಯವೂ ಕಡಿಮೆ. ಆದರೆ ಗಾತ್ರ ಸಾಲದೆ ಎಷ್ಟೋ ಸಲ ಇಂಪ್ಲಾಂಟ್ (ಒಳಗಿಡುವ ಕೃತಕ ಚೀಲ) ಅಥವಾ ಕೊಬ್ಬು ಸೇರಿಸಬೇಕಾಗುತ್ತದೆ. ರೇಡಿಯೇಷನ್ ಆದ ಎದೆಯಲ್ಲಿ ಇಂಪ್ಲಾಂಟ್ ಸುತ್ತ ಗಟ್ಟಿಯಾಗುವ ತೊಂದರೆ ಜಾಸ್ತಿ, ಅದನ್ನು ಮರೆಯಬೇಡಿ. ಬೆನ್ನಲ್ಲಿ ನೀರು ತುಂಬಿಕೊಳ್ಳುವುದೂ ಸಾಮಾನ್ಯ. ಅಕ್ಕ ಈಜುವವರಾದರೆ, ತೋಟದಲ್ಲಿ ಭಾರ ಎಳೆಯುವವರಾದರೆ ಭುಜದ ಬಲ ಕುಗ್ಗಿದ್ದು ಗೊತ್ತಾಗಬಹುದು.

ಹೊಟ್ಟೆಯಲ್ಲಿ ಸಾಕಷ್ಟು ಕೊಬ್ಬಿದ್ದು, ಆರೋಗ್ಯ ತಡೆದುಕೊಳ್ಳುವ ಹಾಗಿದ್ದರೆ ನಾನು ಡೀಪ್ ಅನ್ನೇ ಹೇಳುತ್ತೇನೆ. ಸಿಸೇರಿಯನ್ ಆಗಿದ್ದರೂ ಹೆಚ್ಚಿನವರಿಗೆ ಅಡ್ಡಿಯಿಲ್ಲ, ಸಿಟಿ ಆಂಜಿಯೋ ಸ್ಕ್ಯಾನ್‌ನಲ್ಲಿ ನಾಳ ನೋಡುತ್ತಾರೆ. ಟಮ್ಮಿ ಟಕ್ (ಹೊಟ್ಟೆಯ ಹೆಚ್ಚಿನ ಚರ್ಮ, ಕೊಬ್ಬು ತೆಗೆಯುವ ಆಪರೇಷನ್) ಆಗಿದ್ದರೆ ಮಾತ್ರ ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಸಲ ತೆಗೆದ ಹೊಟ್ಟೆಯಿಂದ ಮತ್ತೆ ತೆಗೆಯಲೂ ಆಗದು. ಹಾಗಾಗಿ ಸರ್ಜನ್ ಹತ್ತಿರ ಸಂಕೋಚವಿಲ್ಲದೆ ಕೇಳಿ: ವರ್ಷಕ್ಕೆ ಎಷ್ಟು ಡೀಪ್ ಮಾಡುತ್ತೀರಿ, ರಾತ್ರಿ ಫ್ಲ್ಯಾಪ್ ನೋಡಿಕೊಳ್ಳುವವರು ಯಾರು, ನಡುರಾತ್ರಿ ತೊಂದರೆಯಾದರೆ ಥಿಯೇಟರ್ ಸಿಗುತ್ತದಾ?