‘ಕನ್ನಡ’ ಎಂದರೆ ಐದು ಅಕ್ಷರ

ಕಳೆದ ಜುಲೈಯಲ್ಲಿ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಸಲಹೆ ಕೇಳಲು ನನ್ನ ಹತ್ತಿರ ಬಂದರು. ಕಾಸರಗೋಡು ಜಿಲ್ಲೆಯ ಒಳಗಿನ ಒಂದು ಊರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಹೆಸರುಗಳನ್ನು ಪೂರ್ತಿ ಬಿಟ್ಟಿದ್ದೇನೆ. ಬರೆಯುವುದಕ್ಕೆ ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.

“ಅವ ಮಾತೇ ಆಡುದಿಲ್ಲ ಟೀಚರ್,” ಎಂದರು ತಾಯಿ. “ಎಂತ ಕೇಳಿದ್ರೂ ‘ಎಂತ ಇಲ್ಲ’ ಹೇಳ್ತಾನೆ. ರಾತ್ರಿ ಒಂದು ಗಂಟೆವರೆಗೆ ಮೊಬೈಲ್. ಇವರು ಗಲ್ಫಿಂದ ಫೋನ್ ಮಾಡಿದ್ರೆ ಎರಡು ಮಾತು, ಮತ್ತೆ ಫೋನ್ ನನ್ನ ಕೈಗೆ.”

ಹುಡುಗನಿಗೆ 16 ವರ್ಷ. ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿ. ಇಂಥ ದೂರು ನನಗೆ ಜಾಸ್ತಿ ಬರುತ್ತದೆ. ಹಾಗಾಗಿ ನನ್ನ ಮೊದಲ ಊಹೆಯೂ ಮೊಬೈಲ್ ಚಟ ಎಂದೇ ಇತ್ತು. ತಾಯಿಯನ್ನು ಹೊರಗೆ ಕೂರಿಸಿ, ರಾತ್ರಿ ಫೋನಿನಲ್ಲಿ ಏನು ನೋಡುತ್ತೀ ಎಂದು ಕೇಳಿದೆ. ಅವನು ಏನೂ ಹೇಳಲಿಲ್ಲ, ಫೋನ್ ತೆಗೆದು ನನ್ನ ಮುಂದೆ ಇಟ್ಟ. ಒಂದು ವಾಟ್ಸಾಪ್ ಗುಂಪು. ಅದರಲ್ಲಿ ಕೊನೆಯ ಸಂದೇಶಗಳೆಲ್ಲ ಅವನವೇ. ‘ನಾಳೆ ಬರ್ತೀರಾ?’ ‘ಈ ವಾರ ಹೊಸದು ಉಂಟು.’ ‘ಯಾರಾದ್ರೂ ಇದ್ದೀರಾ?’ ಪ್ರತಿಯೊಂದರ ಕೆಳಗೆ ನೀಲಿ ಟಿಕ್. ಎಲ್ಲರೂ ಓದಿದ್ದರು. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ರಾತ್ರಿ ಒಂದು ಗಂಟೆವರೆಗೆ ಅವನು ನೋಡುತ್ತಿದ್ದದ್ದು ಇದನ್ನು.

ಹಿಂದಿನ ಕಥೆ ನಿಧಾನವಾಗಿ ಬಂತು. ಅವನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಓದಿದವನು. ಅಲ್ಲಿ ‘ಲಿಟಲ್ ಕೈಟ್ಸ್’ ಘಟಕದಲ್ಲಿದ್ದ. ಕೇರಳದ ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ‘ಕೈಟ್’ ಸಂಸ್ಥೆ 2018ರಲ್ಲಿ ಹೈಸ್ಕೂಲುಗಳಲ್ಲಿ ಆರಂಭಿಸಿದ ಮಕ್ಕಳ ಐಟಿ ಕ್ಲಬ್ ಅದು. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಸೇರಬೇಕು. ಅನಿಮೇಶನ್, ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್, ಆಜ್ಞೆಗಳನ್ನು ಟೈಪ್ ಮಾಡುವ ಪೈಥಾನ್ ಎಲ್ಲ ಅಲ್ಲಿ ಅವನ ಕೈಗೆ ಸಿಕ್ಕಿದವು. ಸುತ್ತ ಗೆಳೆಯರಿದ್ದರು. ಸಂಜೆ ಲ್ಯಾಬ್ ಮುಚ್ಚುವವರೆಗೆ ಗಲಾಟೆ. ಎಸ್ಸೆಸ್ಸೆಲ್ಸಿ ಮುಗಿಯಿತು. ಪ್ಲಸ್ ವನ್ ಅಲಾಟ್‌ಮೆಂಟಿನಲ್ಲಿ ಒಬ್ಬೊಬ್ಬ ಒಂದೊಂದು ಶಾಲೆಗೆ ಹೋದ. ಇವನಿಗೆ ಸಿಕ್ಕಿದ ಶಾಲೆಯಲ್ಲಿ ಹೆಚ್ಚಿನವರು ಮಲಯಾಳಂ ಮಾತಾಡುವವರು. ಮಲಯಾಳಂ ಇವನಿಗೆ ಅರ್ಥವಾಗುತ್ತದೆ, ಆದರೆ ಬಾಯಿ ತೆರೆಯುವುದಕ್ಕೆ ನಾಚಿಕೆ. ಕ್ಲಬ್ ಹೈಸ್ಕೂಲಿಗೇ ಮುಗಿದಿತ್ತು.

ಆಗ ಅವನಿಗೆ ಒಂದು ಯೋಚನೆ ಬಂತು. ಊರಿನ ವಾಚನಾಲಯದಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ತಂದೆ ಗಲ್ಫಿನಿಂದ ತಂದ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ ಊರಿನ ಮಕ್ಕಳಿಗೆ ಕೋಡಿಂಗ್. ಮೊದಲ ವಾರ ಹನ್ನೊಂದು ಮಂದಿ ಬಂದರು. ಮುಂದಿನ ವಾರ ಏಳು. ಮತ್ತೆ ಇಬ್ಬರು. ಮತ್ತೆ ಇವನೊಬ್ಬ, ಬಾಗಿಲ ಹತ್ತಿರ ಪೇಪರ್ ಓದುವ ಅಜ್ಜ ಒಬ್ಬರು.

“ಅವ್ರಿಗೆ ಆಸಕ್ತಿ ಇಲ್ಲ ಟೀಚರ್. ನಾನು ಎಲ್ಲ ರೆಡಿ ಮಾಡಿಕೊಂಡು ಹೋಗ್ತಿದ್ದೆ,” ಎಂದ. ಕಣ್ಣು ತುಂಬಿತ್ತು.

ಸಾಯಬೇಕು ಅಂತ ಅನ್ನಿಸುತ್ತದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಈ ಪ್ರಶ್ನೆ ಕೇಳಿದರೆ ಮಕ್ಕಳಿಗೆ ಆ ಯೋಚನೆ ಬಂದುಬಿಡುತ್ತದೆ ಎಂದು ಕೆಲವರು ಹೆದರುತ್ತಾರೆ. ಹಾಗಿಲ್ಲ, ಕೇಳುವುದೇ ಒಳ್ಳೆಯದು. ಇಲ್ಲ ಎಂದ. ಊಟ ಸರಿ ಇತ್ತು, ಶಾಲೆ ತಪ್ಪಿಸಿರಲಿಲ್ಲ, ನಿದ್ದೆ ಮಾತ್ರ ಕೆಟ್ಟಿತ್ತು. ಇನ್ನೆರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ, ಊಟ ಕಡಿಮೆಯಾದರೆ ಡಾಕ್ಟರನ್ನು ನೋಡಬೇಕು ಎಂದು ತಾಯಿಗೆ ಹೇಳಿದೆ. ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಫೋನ್ ಕಿತ್ತುಕೊಳ್ಳಬೇಡಿ, ರಾತ್ರಿ ಹತ್ತೂವರೆಗೆ ಚಾವಡಿಯಲ್ಲಿ ಚಾರ್ಜಿಗೆ ಇಡಲಿ, ನಿಮ್ಮದೂ ಅಲ್ಲೇ ಇರಲಿ ಎಂದೆ. ಅಷ್ಟು ಅವರು ಮಾಡಿದರು.

ಎರಡನೇ ಭೇಟಿಯಲ್ಲಿ ನಾನು ಅವನಿಗೆ ಒಂದು ಕೆಲಸ ಕೊಟ್ಟೆ. ಕೊನೆಯವರೆಗೆ ಬಂದ ಆ ಇಬ್ಬರನ್ನು ಮಾತಾಡಿಸು. ವಾಪಸ್ ಬಾ ಎಂದು ಕರೆಯಬೇಡ. ಯಾಕೆ ನಿಲ್ಲಿಸಿದ್ದು ಎಂದು ಮಾತ್ರ ಕೇಳು. ಉತ್ತರ ಬಂದ ಮೇಲೆ ಸಮಜಾಯಿಷಿ ಹೇಳಬೇಡ. ಕೇಳಿಸಿಕೊಂಡು ಬಾ.

ಇದು ಅವನಿಗೆ ಬಹಳ ಕಷ್ಟವಾಯಿತು. ಮೂರು ವಾರ ತೆಗೆದುಕೊಂಡ. ಆದರೆ ಕೇಳಿದ. ಇಬ್ಬರಲ್ಲಿ ಒಬ್ಬಳು ಹತ್ತನೇ ತರಗತಿಯ ಹುಡುಗಿ, ಮನೆಯಲ್ಲಿ ತುಳು. ಅವಳು ಹೇಳಿದ್ದನ್ನು ಅವನು ಕಾಗದದಲ್ಲಿ ಬರೆದುಕೊಂಡೇ ಬಂದಿದ್ದ: “ನಾನು ಸ್ಕ್ರ್ಯಾಚಲ್ಲಿ ಕೋಳಿ ಆಟ ಮಾಡಿದ್ದೆ ಅಲ್ವಾ ಅಣ್ಣ. ಕೋಳಿ ಓಡುವಾಗ ತಲೆಕೆಳಗೆ ಆಗ್ತಿತ್ತು. ನೀವು ಬಂದು ಮೌಸ್ ತಗೊಂಡು ಎಲ್ಲ ತೆಗೆದು ಬೇರೆ ಹಾಕಿದ್ರಿ. ಮತ್ತೆ ಸರಿ ಓಡಿತು. ಆದ್ರೆ ಅದು ನನ್ನ ಕೋಳಿ ಅಲ್ಲ.”

ಓದಿ ಮುಗಿಸಿ ಅವನು ತಲೆ ಎತ್ತಲಿಲ್ಲ. ನಾನೂ ಮಾತಾಡಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಆದ ತಪ್ಪು ಇದು. ಅವನಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಅವನೇ ಹೇಳಿದ: “ನಾನೇ ಟೈಪ್ ಮಾಡ್ತಿದ್ದೆ ಟೀಚರ್. ಎಲ್ಲರದ್ದೂ.”

ಅವಳು ಹೇಳಿದ ಇನ್ನೊಂದು ಸಂಗತಿಯೂ ಇತ್ತು. ಸಂಜೆ ನಾಲ್ಕಕ್ಕೆ ಸುರು ಮಾಡಿದರೆ ಮುಗಿಯುವಾಗ ಕತ್ತಲು. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಅವಳನ್ನು ಒಬ್ಬಳೇ ಬಿಡುವುದಿಲ್ಲ. ಬಂದ ನಾಲ್ಕು ಹುಡುಗಿಯರಲ್ಲಿ ಮೂವರು ಬರುವುದನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಆಸಕ್ತಿ ಇಲ್ಲ ಎಂದು ಅವನು ತಿಳಿದುಕೊಂಡದ್ದರಲ್ಲಿ ಎಷ್ಟೋ ಭಾಗ ಗಡಿಯಾರದ ಸಮಸ್ಯೆ.

ನಾನು ಕೋಡಿಂಗ್ ಕಲಿತವಳಲ್ಲ. ಆದರೆ ಹದಿಹರೆಯದ ಮಕ್ಕಳ ಗುಂಪುಗಳನ್ನು ನೋಡಿದ್ದೇನೆ. ಯಕ್ಷಗಾನ ಕಲಿಯುವ ಮಕ್ಕಳನ್ನು ನೋಡಿದ್ದೇನೆ, ಚೆಂಡೆ ಕಲಿಯುವವರನ್ನು ನೋಡಿದ್ದೇನೆ. ತನ್ನ ಅವಶ್ಯಕತೆ ಇದೆ ಅನ್ನಿಸಿದ ಕಡೆಗೆ ಮಗು ಮಳೆಯಲ್ಲೂ ಬರುತ್ತದೆ. ಇವನ ಭಾನುವಾರದಲ್ಲಿ ಅವಶ್ಯಕತೆ ಇದ್ದದ್ದು ಇವನೊಬ್ಬನದೇ. ಉಳಿದ ಹನ್ನೊಂದು ಮಂದಿ ನೋಡಲು ಬಂದವರು. ಹಾಗಾಗಿ ನಾನು ಕೊಟ್ಟ ಮುಖ್ಯ ಸಲಹೆ ಇಷ್ಟು: ನಿನಗೆ ಗೊತ್ತಿರುವುದನ್ನು ಹೇಳಿಕೊಡಲು ಕರೆಯಬೇಡ. ನಿನಗೆ ಗೊತ್ತಿಲ್ಲದ್ದನ್ನು ಇಟ್ಟುಕೊಂಡು ಕರೆ.

“ಹಾಗೆ ಒಂದು ಉಂಟು,” ಎಂದ. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಪೈಥಾನಿನಲ್ಲಿ ‘ಲೆನ್’ ಎಂಬ ಆಜ್ಞೆ ಇದೆಯಂತೆ, ಒಂದು ಪದ ಎಷ್ಟು ಉದ್ದ ಎಂದು ಹೇಳುತ್ತದೆ. ‘ಕನ್ನಡ’ ಎಂದು ಕೊಟ್ಟರೆ ಅದು 5 ಎಂದಿತು. ನಾವು ಒಂದನೇ ತರಗತಿಯಿಂದ ಎಣಿಸಿದ್ದು ಮೂರು ಅಲ್ವಾ? ‘ಕಾಸರಗೋಡು’ ಎಂದು ಕೊಟ್ಟ. 8 ಎಂದಿತು. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಪ್ಲಸ್ ವನ್‌ನಲ್ಲಿ ಕೇಳಲು ನಾಚಿಕೆಯಾಗಿ ಬಿಟ್ಟಿದ್ದ.

ಇದನ್ನೇ ವಾಚನಾಲಯಕ್ಕೆ ತಗೊಂಡು ಹೋಗು ಎಂದೆ. ಉತ್ತರ ಹುಡುಕಿಕೊಂಡು ಹೋಗಬೇಡ, ಪ್ರಶ್ನೆ ಮಾತ್ರ.

ಜೊತೆಗೆ ಕೆಲವು ಕಟ್ಟುನಿಟ್ಟು ಹೇಳಿದೆ. ಕೀಬೋರ್ಡ್ ಯಾರದೋ ಅವರದೇ, ಇವನು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಇಬ್ಬರಿಗೆ ಒಂದು ಯಂತ್ರ, ಒಬ್ಬರು ಟೈಪ್ ಮಾಡುವುದು, ಇನ್ನೊಬ್ಬರು ಓದಿ ಹೇಳುವುದು, ಹದಿನೈದು ನಿಮಿಷಕ್ಕೆ ಬದಲು. ಸಮಯ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಬಾಗಿಲು ತೆರೆದೇ ಇರಬೇಕು, ಒಬ್ಬರು ದೊಡ್ಡವರು ಕಣ್ಣಿಗೆ ಕಾಣುವ ಹಾಗೆ ಇರಬೇಕು. ವಾಟ್ಸಾಪ್ ಗುಂಪಿನಲ್ಲಿ ಅವನ ಹಳೆಯ ಶಾಲೆಯ ಐಟಿ ಟೀಚರನ್ನು ಸೇರಿಸಬೇಕು, ರಾತ್ರಿ ಒಂಬತ್ತರ ಮೇಲೆ ಸಂದೇಶ ಇಲ್ಲ, ಹುಡುಗಿಯರಿಗೆ ಪ್ರತ್ಯೇಕವಾಗಿ ಯಾರೂ ಸಂದೇಶ ಕಳಿಸುವಂತಿಲ್ಲ. ಈ ಕೊನೆಯದ್ದನ್ನು ಮಕ್ಕಳ ಮೇಲೆ ಅನುಮಾನದಿಂದ ಹೇಳಿದ್ದಲ್ಲ. ಒಂದು ಮನೆಯಲ್ಲಿ ಸಂಶಯ ಬಂದರೆ ಸಾಕು, ಮರುವಾರ ಒಬ್ಬ ಹುಡುಗಿಯೂ ಬರುವುದಿಲ್ಲ. ನಮ್ಮ ಊರುಗಳಲ್ಲಿ ಇದು ನಿಜ, ಇದನ್ನು ಮರೆತು ಗುಂಪು ಕಟ್ಟಲು ಆಗುವುದಿಲ್ಲ.

ಮತ್ತೆ ಒಂದು ನೋಟ್‌ಪುಸ್ತಕ. ಅದಕ್ಕೆ ಅವರೇ ‘ತಪ್ಪಿನ ಪುಸ್ತಕ’ ಎಂದು ಹೆಸರಿಟ್ಟರು. ಯಂತ್ರ ಕೊಟ್ಟ ಎರರ್ ಏನು, ಎಲ್ಲಿ ಎಡವಿದ್ದು, ಯಾರು ಕಂಡುಹಿಡಿದದ್ದು, ಮೂರು ಸಾಲು ಬರೆಯಬೇಕು. ಮೊದಲ ಪುಟ ಇವನೇ ಬರೆಯಬೇಕು ಎಂದಿದ್ದೆ. ಬರೆದ. ಪೈಥಾನಿನಲ್ಲಿ ಸಾಲಿನ ಮುಂದೆ ಖಾಲಿ ಜಾಗ ಹೆಚ್ಚುಕಡಿಮೆಯಾದರೆ ಪ್ರೋಗ್ರಾಮ್ ಓಡುವುದೇ ಇಲ್ಲ. ಆ ಒಂದು ತಪ್ಪಿಗೆ ತಾನು ಹಿಂದೆ ಎರಡು ದಿನ ಕೂತದ್ದನ್ನು ಒಪ್ಪಿಕೊಂಡು ಬರೆದಿದ್ದ.

ಆಗಸ್ಟಿನಲ್ಲಿ ನಾಲ್ಕು ಮಂದಿಯಿಂದ ಮತ್ತೆ ಸುರುವಾಯಿತು. ‘ಕನ್ನಡ’ದ ಲೆಕ್ಕ ಬಿಡಿಸಲು ಎರಡು ಭಾನುವಾರ ಹಿಡಿಯಿತು. ಕೋಳಿಯ ಹುಡುಗಿ ಪದವನ್ನು ಒಂದೊಂದೇ ತುಂಡಾಗಿ ಪ್ರಿಂಟ್ ಮಾಡಿಸಿದಳು. ಆಗ ಕಂಡಿತು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ನಾವು ಒಂದೇ ಅಕ್ಷರ ಎಂದು ಓದುವ ‘ನ್ನ’ವನ್ನು ಯಂತ್ರ ಮೂರು ತುಂಡು ಮಾಡಿ ಇಟ್ಟಿರುತ್ತದೆ. ಗುಣಿತಾಕ್ಷರವೂ ಹಾಗೇ, ‘ಕಾ’ ಎಂದರೆ ಎರಡು. ‘ಕಾಸರಗೋಡು’ ಎಂಟಾಗುವುದು ಹಾಗೆ. ಮಲಯಾಳಂ ಮಾಧ್ಯಮದ ಒಬ್ಬ ಹುಡುಗ ತನ್ನ ಲಿಪಿಯಲ್ಲಿ ‘ಮಲಯಾಳಂ’ ಎಂದು ಕೊಟ್ಟು ನೋಡಿದ. ಅವನು ಎಣಿಸಿದ್ದು ನಾಲ್ಕು, ಯಂತ್ರ ಎಣಿಸಿದ್ದು ಆರು. ಅಲ್ಲಿವರೆಗೆ ಮೂಲೆಯಲ್ಲಿ ಕೂರುತ್ತಿದ್ದ ಅವನು ಅವತ್ತು ಎಲ್ಲರಿಗೂ ತನ್ನ ಭಾಷೆ ವಿವರಿಸಿದ. ಇವನು ಹರುಕು ಮಲಯಾಳಂನಲ್ಲೇ ಪ್ರಶ್ನೆ ಕೇಳಿದನಂತೆ. ಯಾರೂ ನಗಲಿಲ್ಲ. ಇದನ್ನು ನನ್ನ ಹತ್ತಿರ ಎರಡು ಸಲ ಹೇಳಿದ.

ತುಳುವಿಗೆ ಎಂತ ಎಂಬ ಪ್ರಶ್ನೆ ಎದ್ದದ್ದು ಸಹಜ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಕೊಡುವ ಪಟ್ಟಿ ಯುನಿಕೋಡ್. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ ಎಂದು ಒಬ್ಬ ಸಣ್ಣವ ಹುಡುಕಿ ತಂದ. ಅವರ ಫೋನಿನಲ್ಲಿ ತೆರೆದರೆ ಅಕ್ಷರದ ಬದಲು ಬರೀ ಚೌಕ ಕಾಣಿಸಿತು. ಅದಕ್ಕೆ ಫಾಂಟ್ ಬೇಕು ಎಂಬುದು ಮುಂದಿನ ಭಾನುವಾರದ ಪಾಠವಾಯಿತು. ಮತ್ತೊಬ್ಬ ವೇರಿಯಬಲ್‌ಗೆ, ಅಂದರೆ ಪ್ರೋಗ್ರಾಮಿನಲ್ಲಿ ಲೆಕ್ಕ ಇಟ್ಟುಕೊಳ್ಳುವ ಡಬ್ಬಿಗೆ, ‘ಅಡಿಕೆ’ ಎಂದು ಕನ್ನಡದಲ್ಲೇ ಹೆಸರಿಟ್ಟು ಮನೆಯ ತೋಟದ ತೂಕದ ಲೆಕ್ಕ ಬರೆದ. ಪೈಥಾನ್ ಅದನ್ನು ಒಪ್ಪಿಕೊಂಡಿತು.

ಎಲ್ಲ ಸರಿಹೋಯಿತು ಎಂದಲ್ಲ. ಬರೀ ಗೇಮ್ ಆಡಲು ಬಂದ ಇಬ್ಬರು ಎರಡೇ ವಾರದಲ್ಲಿ ಬಿಟ್ಟರು. ಇವನು ಮತ್ತೆ ನಿದ್ದೆ ಕೆಡಿಸಿಕೊಂಡ. ಬಿಟ್ಟವರನ್ನು ಎಣಿಸಬೇಡ, ಬಂದವರಲ್ಲಿ ಇವತ್ತು ಯಾರು ಮಾತಾಡಲಿಲ್ಲ ಎಂದು ಮಾತ್ರ ನೋಡು ಎಂದೆ. ಮಳೆಗೆ ಕರೆಂಟ್ ಹೋದ ಒಂದು ದಿನ ಅವನ ಕೈ ಮತ್ತೆ ಬೇರೆಯವರ ಮೌಸಿಗೆ ಹೋಯಿತು, ಬ್ಯಾಟರಿ ಮುಗಿಯುವ ಮೊದಲು ಬೇಗ ಮುಗಿಸಲು. ಆ ಹುಡುಗಿ “ಅಣ್ಣ, ಕೈ” ಎಂದಳಂತೆ. ಈಗ ಎಲ್ಲರೂ ಹಾಗೇ ಹೇಳುತ್ತಾರೆ.

ತಾಯಿಗೆ ನಾನು ಹೇಳಿದ್ದು ಒಂದು ಪ್ರಶ್ನೆ ಬದಲಿಸುವುದಕ್ಕೆ. ‘ಎಷ್ಟು ಹೊತ್ತು ಅದರಲ್ಲೇ?’ ಬೇಡ, ‘ಇವತ್ತು ಎಂತ ಮಾಡಿದ್ದು, ತೋರಿಸು’ ಎನ್ನಿ. ಅವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಅರ್ಥವಾಗದವರಿಗೆ ಹೇಳುವಾಗಲೇ ಮಕ್ಕಳಿಗೆ ತಮ್ಮ ತಪ್ಪು ಎಲ್ಲಿದೆ ಎಂದು ಹೊಳೆಯುವುದುಂಟು. ತಂದೆಯ ಹತ್ತಿರ ನಾನು ಫೋನಿನಲ್ಲಿ ಒಮ್ಮೆ ಮಾತಾಡಿದೆ. ಅವರಿಗೆ ಇದರಿಂದ ಕೆಲಸ ಸಿಗುತ್ತದೆಯೇ ಎಂಬ ಚಿಂತೆ. ಅದು ತಪ್ಪಲ್ಲ, ದೂರದಲ್ಲಿ ದುಡಿಯುವವರ ಚಿಂತೆ ಅದು. ಕೆಲಸದ ಮಾತು ಪ್ಲಸ್ ಟೂ ಮುಗಿದ ಮೇಲೆ ಆಡೋಣ, ಈಗ ಅವನಿಗೆ ಗೆಳೆಯರು ಸಿಕ್ಕಿದ್ದಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಟೀಚರ್, ಹಾಗಾದ್ರೆ ಇರ್ಲಿ” ಎಂದರು.

ಈಗ ವಾರಕ್ಕೆ ಒಂಬತ್ತು ಮಂದಿ ಬರುತ್ತಾರೆ. ಇವನು ರಾತ್ರಿ ಹನ್ನೊಂದಕ್ಕೆ ಮಲಗುತ್ತಾನೆ. ಕೊನೆಯ ಭೇಟಿಯಲ್ಲಿ ಒಂದು ಸಂದೇಹ ತಂದಿದ್ದ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಇರುವವರು ಮೂವರು ಇದ್ದಾರೆ, ಅವರಿಲ್ಲದೆ ನಡೆಸುವುದೋ, ಎಲ್ಲರೂ ನಿಲ್ಲಿಸುವುದೋ? ನನ್ನನ್ನು ಕೇಳುವ ಮೊದಲು ಅವರನ್ನು ಕೇಳಿದ್ದೀಯಾ ಎಂದೆ. ಮುಂದಿನ ಭಾನುವಾರ ಕೇಳಿದನಂತೆ. ಫೆಬ್ರವರಿ, ಮಾರ್ಚ್ ರಜೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ತಪ್ಪಿನ ಪುಸ್ತಕ ಯಾರ ಹತ್ತಿರ ಇರಬೇಕು ಎಂದು ಸ್ವಲ್ಪ ಜಗಳವಾಯಿತು. ಈಗ ಅದು ಕೋಳಿಯ ಹುಡುಗಿಯ ಮನೆಯಲ್ಲಿದೆ.