ಗಾಂಜಾ ಎಣ್ಣೆಗಾಗಿ ರಾಜ್ಯ ಬಿಟ್ಟು ಹೋಗಬೇಕಾ? ತರಿಸಿಕೊಂಡರೆ ಆಗಲ್ವಾ?

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿರುವ ನಿಮ್ಮ ತಂಗಿಯ ಮಗನಿಗೆ ಡ್ರಾವೆ ಸಿಂಡ್ರೋಮ್ ಅನ್ನುವ ಕಠಿಣ ಫಿಟ್ಸ್ ಕಾಯಿಲೆ, ಯಾವ ಮಾತ್ರೆಗೂ ಫಿಟ್ಸ್ ನಿಲ್ಲುತ್ತಿಲ್ಲ, ಗಾಂಜಾ ಎಣ್ಣೆಗಾಗಿ, ಅದಕ್ಕೆ ಕಾನೂನಿನ ಒಪ್ಪಿಗೆ ಇರುವ ಕೊಲೊರಾಡೊ ರಾಜ್ಯಕ್ಕೆ ಮನೆ ಬದಲಿಸಲು ಯೋಚಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ಎಣ್ಣೆಯನ್ನೇ ತರಿಸಿಕೊಂಡರೆ ಆಗಲ್ವಾ ಅನ್ನುವುದು ನಿಮ್ಮ ಪ್ರಶ್ನೆ.

2014ರಲ್ಲಿ ನಾನು ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿದ್ದೆ. ನಮ್ಮ ಕೆಳಗಿನ ಮನೆಗೆ ಟೆಕ್ಸಾಸ್‌ನಿಂದ ಒಬ್ಬ ತಾಯಿ, ಆರು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಗಂಡ ಅಲ್ಲೇ ಉಳಿದಿದ್ದರು. ಅವರು ಕೆಲಸ ಬಿಟ್ಟರೆ ಮಗುವಿನ ಇನ್ಶೂರೆನ್ಸೂ ಹೋಗುತ್ತಿತ್ತು. ಒಂದು ಸಂಸಾರ, ಎರಡು ಬಾಡಿಗೆ.

ಅಂಥವರು ಆಗ ಆ ಊರಿನಲ್ಲಿ ಬಹಳ ಮಂದಿ ಇದ್ದರು. ಶಾರ್ಲಟ್ ಫಿಗಿ ಅನ್ನುವ ಹುಡುಗಿ ಅಲ್ಲಿಯವಳೇ. ಅವಳಿಗೂ ಡ್ರಾವೆ, ವಾರಕ್ಕೆ ಸುಮಾರು 300 ಫಿಟ್ಸ್. ನಶೆ ಏರಿಸುವ ಟಿಎಚ್‌ಸಿ ಅಂಶ ತೀರಾ ಕಡಿಮೆ, ನಶೆ ಏರಿಸದ ಸಿಬಿಡಿ ಅಂಶ ಜಾಸ್ತಿ ಇರುವ ಗಾಂಜಾ ಎಣ್ಣೆ ಕೊಟ್ಟ ಮೇಲೆ ಅದು ತಿಂಗಳಿಗೆ ಎರಡು ಮೂರಕ್ಕೆ ಇಳಿಯಿತು ಅಂತ ಅವಳ ತಾಯಿ ಹೇಳಿದರು. 2013ರ ಆಗಸ್ಟ್‌ನಲ್ಲಿ ಸಿಎನ್‌ಎನ್‌ನ ಡಾ. ಸಂಜಯ್ ಗುಪ್ತಾ ಅದನ್ನು ಟೀವಿಯಲ್ಲಿ ತೋರಿಸಿದ್ದೇ ತಡ, ದೇಶದ ಮೂಲೆಮೂಲೆಯಿಂದ ಜನ ಗಾಡಿಗೆ ಸಾಮಾನು ತುಂಬಿಕೊಂಡು ಹೊರಟರು.

ತರಿಸಿಕೊಳ್ಳಲು ಯಾಕೆ ಆಗುತ್ತಿರಲಿಲ್ಲ ಅಂದರೆ, ರಾಜ್ಯದ ಕಾನೂನು ಏನೇ ಹೇಳಲಿ, ಕೇಂದ್ರ ಸರ್ಕಾರ 1970ರಲ್ಲೇ ಗಾಂಜಾವನ್ನು ಹೆರಾಯಿನ್ ಇರುವ ಪಟ್ಟಿಗೆ ಸೇರಿಸಿತ್ತು. ರಾಜ್ಯದ ಗಡಿ ದಾಟಿಸಿದರೆ ಕೇಂದ್ರದ ಕಾನೂನಿನಲ್ಲಿ ಅಪರಾಧ. ಎರಡೂ ಕಡೆಯ ರಾಜ್ಯಗಳು ಒಪ್ಪಿದ್ದರೂ ಅಷ್ಟೇ. ಇನ್ನು ಗಾಂಜಾವನ್ನು ಔಷಧಿಯಾಗಿ ಪಡೆಯಲು ಕೊಲೊರಾಡೊ ಕೊಡುವ ಕಾರ್ಡ್ ಬೇಕಿದ್ದರೆ ಅಲ್ಲಿಯ ನಿವಾಸಿಯಾಗಿರಬೇಕು, ಮಗುವಾದರೆ ಇಬ್ಬರು ಡಾಕ್ಟರು ಸಹಿ ಹಾಕಬೇಕು.

ಇದರ ನೋವು ನನಗೆ ಗೊತ್ತಾಗಿದ್ದು ಕ್ರಿಸ್‌ಮಸ್ ರಜೆಯಲ್ಲಿ. ಅಜ್ಜಿ ಮನೆಗೆ ಹೋಗಲ್ವಾ ಅಂತ ಕೆಳಗಿನ ಮನೆಯ ಆ ತಾಯಿಯನ್ನು ಸುಮ್ನೆ ಕೇಳಿದೆ. ಎಣ್ಣೆ ಒಯ್ದರೆ ಪೊಲೀಸ್ ಭಯ, ಒಯ್ಯದೆ ಹೋದರೆ ಫಿಟ್ಸ್ ಔಷಧಿಯನ್ನು ಏಕಾಏಕಿ ನಿಲ್ಲಿಸಿದ ಹಾಗೆ. ಅಜ್ಜಿಯೇ ಬಸ್ ಹತ್ತಿ ಬಂದರು.

ಎಣ್ಣೆ ಕೆಲಸ ಮಾಡಿತಾ? ಆ ಮಗುವಿಗೆ ಫಿಟ್ಸ್ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಡೆನ್ವರ್ ಕಡೆಯ ಡಾಕ್ಟರುಗಳು 75 ಮಕ್ಕಳ ದಾಖಲೆ ನೋಡಿ 2015ರಲ್ಲಿ ಒಂದು ವಿಷಯ ಬರೆದರು. ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು ಅಂದವರು ಹೊರಗಿಂದ ಬಂದ ಕುಟುಂಬಗಳಲ್ಲಿ 47%, ಅಲ್ಲಿಯವರೇ ಆದವರಲ್ಲಿ 22%. ಮನೆಮಠ ಬಿಟ್ಟು ಬಂದವರಿಗೆ 'ಪ್ರಯೋಜನ ಆಗಲಿಲ್ಲ' ಅನ್ನುವುದು ಎಷ್ಟು ಕಷ್ಟ ನೋಡಿ. ನಾನು ಅವರನ್ನು ತಪ್ಪು ಅನ್ನಲಾರೆ.

ಆದರೆ ಈಗ ಕಾಲ ಬೇರೆ. 2018ರ ಜೂನ್‌ನಲ್ಲಿ ಎಪಿಡಿಯೊಲೆಕ್ಸ್ ಅನ್ನುವ ಔಷಧಿಗೆ ಕೇಂದ್ರದ ಅನುಮತಿ ಸಿಕ್ಕಿತು. ಗಾಂಜಾ ಗಿಡದಿಂದಲೇ ತೆಗೆದ ಶುದ್ಧ ಸಿಬಿಡಿ, ಡ್ರಾವೆಗೆ ಅಂತಲೇ ಪರೀಕ್ಷೆ ಆಗಿದ್ದು. ಆ ಪರೀಕ್ಷೆಯಲ್ಲಿ ತಿಂಗಳಿಗೆ 12.4 ಇದ್ದ ದೊಡ್ಡ ಫಿಟ್ಸ್ 5.9ಕ್ಕೆ ಇಳಿಯಿತು. ಪವಾಡ ಅಲ್ಲ, ಆದರೆ ಚೀಟಿ ಬರೆಸಿಕೊಂಡು ಡಲ್ಲಾಸ್‌ನಲ್ಲೇ ಪಡೆಯಬಹುದು. ಬೆಲೆ ವಿಪರೀತ, ಹಾಗಾಗಿ ಇನ್ಶೂರೆನ್ಸ್‌ನವರನ್ನು ಮೊದಲೇ ವಿಚಾರಿಸಲಿ. ಫಿಟ್ಸ್‌ನದೇ ಬೇರೆ ಮಾತ್ರೆಯಾದ ಕ್ಲೋಬಜಾಮ್ ಜೊತೆ ಕೊಟ್ಟರೆ ಮಗು ತೂಕಡಿಸಬಹುದು, ಅಂಥದ್ದೇ ಇನ್ನೊಂದಾದ ವ್ಯಾಲ್‌ಪ್ರೊಯೇಟ್ ಇದ್ದರೆ ಲಿವರ್ ಪರೀಕ್ಷೆ ತಪ್ಪಿಸಬಾರದು.

ತಂಗಿ ವೀಸಾದಲ್ಲಿದ್ದಾರೆ ಅಂದಿರಲ್ಲ, ಅದಕ್ಕೇ ಇನ್ನೊಂದು ಮಾತು. ವಲಸೆ ವಿಚಾರದಲ್ಲಿ ನಡೆಯುವುದು ಕೇಂದ್ರದ ಕಾನೂನು. ರಾಜ್ಯ ಒಪ್ಪಿದ ಗಾಂಜಾ ಆದರೂ ಪೌರತ್ವಕ್ಕೆ ಅಡ್ಡ ಬರಬಹುದು ಅಂತ 2019ರಲ್ಲಿ ವಲಸೆ ಇಲಾಖೆಯೇ ಸ್ಪಷ್ಟವಾಗಿ ಹೇಳಿದೆ. ಟೆಕ್ಸಾಸ್‌ನಲ್ಲೂ 2015ರಿಂದ ಫಿಟ್ಸ್‌ಗೆ ಕಡಿಮೆ ಟಿಎಚ್‌ಸಿಯ ಎಣ್ಣೆಗೆ ಕಾನೂನು ಇದೆ, ಆದರೆ ಅದಕ್ಕೂ ಈ ತೊಡಕು ತಪ್ಪಿದ್ದಲ್ಲ. ಎಪಿಡಿಯೊಲೆಕ್ಸ್‌ಗೆ ಈ ತಲೆನೋವಿಲ್ಲ. ಅದನ್ನು ಕೊಟ್ಟು ನೋಡಿದ್ದಾರಾ, ಮೊದಲು ಕೇಳಿ. ಇಲ್ಲ ಅಂದರೆ ಮನೆ ಖಾಲಿ ಮಾಡುವ ನೋಟಿಸ್ ಸದ್ಯಕ್ಕೆ ಕೊಡಬೇಡಿ ಅನ್ನಿ.